ನ್ಯೂಟ್ರಲ್ಲಿನಲ್ಲೇ ಬಿಟ್ಟಿದ್ದೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನ ಸಂಬಳದಿಂದಲ್ಲ, ಓದಿನಿಂದಲ್ಲ. ಅವನು ನಿಲ್ಲಿಸಿಹೋದ ಕಾರನ್ನು ಒಬ್ಬ ಅಜ್ಜಿ ಎಷ್ಟು ಸಲೀಸಾಗಿ ತಳ್ಳಬಲ್ಲಳು ಎನ್ನುವುದರಿಂದ. ನಮ್ಮ ಗುನ್ಪೊ ಊರಿನ ಈ ಬ್ಲಾಕುಗಳನ್ನು ಕಟ್ಟಿದ ಕಾಲದಲ್ಲಿ ಹತ್ತು ಮನೆಗೊಂದು ಕಾರಿತ್ತಂತೆ. ಈಗ ಮನೆಗೆರಡು. ಗೆರೆ ಎಳೆದ ಜಾಗಗಳೆಲ್ಲ ಸಂಜೆಗೇ ತುಂಬಿಹೋಗುತ್ತವೆ. ತಡವಾಗಿ ಬಂದವರು ಆ ಸಾಲಿನ ಮುಂದೆ ಅಡ್ಡಲಾಗಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಇಳಿಸಿ, ಮುಂದಿನ ಗಾಜಿನೊಳಗೆ ಫೋನ್ ನಂಬರು ಕಾಣುವ ಹಾಗಿಟ್ಟು ಹೋಗಬೇಕು. ಒಳಗಿನ ಕಾರಿನವರು ಹೊರಡುವಾಗ ಅಡ್ಡ ನಿಂತದ್ದನ್ನು ಸೊಂಟ ಕೊಟ್ಟು ಅತ್ತ ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ಗೇರ್ ಹಾಕಿ ಹೋದವನನ್ನು ನಮ್ಮಲ್ಲಿ ಕಳ್ಳನಿಗಿಂತ ಒಂದು ಮೆಟ್ಟಿಲು ಕೆಳಗಿಡುತ್ತಾರೆ.

ಈ ವಿಷಯದಲ್ಲಿ ನಮ್ಮ ಕಾರು ಇಡೀ ಮೂರನೇ ಬ್ಲಾಕಿನ ಕಣ್ಮಣಿಯಾಗಿತ್ತು. ಹದಿನಾಲ್ಕು ವರ್ಷ ಹಳೆಯದು, ಕುಂಬಳಕಾಯಿ ಗಂಜಿಯ ಬಣ್ಣದ್ದು, ಜೋರಾಗಿ ಗಾಳಿ ಬೀಸಿದರೆ ತಾನೇ ಸರಿದು ದಾರಿ ಬಿಡುವಷ್ಟು ಹಗುರ. ಒಂದನೇ ಮಹಡಿಯ ಬಾಂಗ್ ಅಜ್ಜಿಯಂತೂ ಅದನ್ನು ಕಂಡರೆ ಮುದ್ದಾಡುತ್ತಿದ್ದರು. ಎಪ್ಪತ್ತೈದು ದಾಟಿದ ಹೆಂಗಸು, ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಚರ್ಚಿನ ಪ್ರಾರ್ಥನೆಗೆ ತಾವೇ ಕಾರು ಓಡಿಸಿಕೊಂಡು ಹೋಗುವವರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, "ದಾಸೊಲ್ ಅಮ್ಮ, ನಿಮ್ಮನೆ ಕಾರಿನಷ್ಟು ಒಳ್ಳೇ ಸ್ವಭಾವದ ಕಾರು ಇನ್ನೊಂದಿಲ್ಲ ಕಣಮ್ಮ. ಒಂದು ಕೈಲಿ ಬೈಬಲ್ಲು ಹಿಡ್ಕೊಂಡು ಇನ್ನೊಂದು ಕೈಲಿ ತಳ್ತೀನಿ" ಎಂದು ಹೊಗಳುತ್ತಿದ್ದರು. ಗಂಡನನ್ನು ಯಾರೂ ಹೊಗಳದ ಮನೆಯಲ್ಲಿ ಕಾರನ್ನಾದರೂ ಹೊಗಳುತ್ತಾರಲ್ಲ ಎಂದು ನಾನೂ ಹಿಗ್ಗುತ್ತಿದ್ದೆ.

ಗಂಡನ ವಿಷಯ ಬಂತಲ್ಲ, ಹೇಳಿಯೇಬಿಡುತ್ತೇನೆ. ನಮ್ಮ ಯಜಮಾನರು ಪ್ಯೋ ಗ್ವಾಂಗ್‌ಶಿಕ್, ಬಟ್ಟೆ ಒಗೆಯುವ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರು. ಯಂತ್ರ ಎಲ್ಲಿ ಗಡಗಡ ಅಂದರೂ ಅವರಿಗೆ ಕೇಳಿಸುತ್ತದೆ, ಹೆಂಡತಿ ಗಡಗಡ ಅಂದರೆ ಮಾತ್ರ ಕೇಳಿಸುವುದಿಲ್ಲ. ಅವರಮ್ಮನಿಗೂ ನನಗೂ ಮಾತು ಬೆಳೆದಾಗ ಅವರು ಯಾರ ಕಡೆಗೂ ಮಾತಾಡದೆ ಮೀಸೆ ಇಲ್ಲದ ಜಾಗವನ್ನು ಸವರಿಕೊಳ್ಳುತ್ತಾರೆ. ಮದುವೆಯಾಗಿ ಇಪ್ಪತ್ತು ವರ್ಷ, ಆ ಮನುಷ್ಯ ನ್ಯೂಟ್ರಲ್ಲಿನಲ್ಲೇ ನಿಂತಿದ್ದಾರೆ. ಯಾರು ತಳ್ಳಿದರೆ ಅತ್ತ.

ಈ ವಸಂತದಲ್ಲಿ ಅವರ ಕಾರ್ಖಾನೆ ಏಕಾಏಕಿ ದಾಂಗ್ಜಿನ್‌ಗೆ ಎತ್ತಂಗಡಿಯಾಯಿತು. ಹೆದ್ದಾರಿಯಲ್ಲಿ, ಸಮುದ್ರದ ಮೇಲಿನ ಉದ್ದ ಸೇತುವೆ ದಾಟಿ, ಒಂದು ಗಂಟೆಗಿಂತ ಹೆಚ್ಚಿನ ದಾರಿ. ಕಂಪನಿಯವರು ಅಲ್ಲೇ ಸಂಸಾರಸ್ಥರಿಗೆ ಮನೆ ಕೊಡುತ್ತಾರೆ, ಒಂಟಿ ಗಂಡಸರಿಗೆ ಕೊಡುವುದಿಲ್ಲ. ಅಂದರೆ ಬಂದರೆ ಎಲ್ಲರೂ ಬನ್ನಿ. ನಮ್ಮ ಮಗಳು ದಾಸೊಲ್‌ಗೆ ಹೈಸ್ಕೂಲಿನ ಕೊನೇ ವರ್ಷ. ನವೆಂಬರಿನಲ್ಲಿ ಕಾಲೇಜು ಸೇರುವ ಪರೀಕ್ಷೆ. ದೇಶಕ್ಕೆ ದೇಶವೇ ಉಸಿರು ಬಿಗಿಹಿಡಿಯುವ ಪರೀಕ್ಷೆ! ಅಂಥ ವರ್ಷ ಹುಡುಗಿಯ ಶಾಲೆ ಬಿಡಿಸಿ, ಗೊತ್ತಿಲ್ಲದ ಊರಿಗೆ ಎಳೆದುಕೊಂಡು ಹೋಗುವುದೇ?

"ನವೆಂಬರ್ ತನಕ ನೀವು ದಿನಾ ಹೋಗಿಬನ್ನಿ. ಆಮೇಲೆ ಚಂದ್ರಲೋಕಕ್ಕೆ ಕರೆದರೂ ಬರ್ತೀನಿ" ಎಂದೆ.

"ಸರಿ" ಎಂದರು. ಅವರ ಬಾಯಲ್ಲಿ ಅತಿ ಹೆಚ್ಚು ಬಳಕೆಯಾಗಿರುವ ಪದ ಅದು.

ಎರಡನೇ ವಾರಕ್ಕೆ ಮನುಷ್ಯ ಕುಡುಗೋಲಿನ ಹಾಗೆ ಬಗ್ಗಿ ಮನೆಗೆ ಬಂದರು. ಬಾಗಿಲಲ್ಲಿ ಬೂಟು ಬಿಚ್ಚಲು ಕೂತವರು ಏಳಲಿಲ್ಲ. "ಸೇತುವೆ ಮೇಲೆ ಲಾರಿ ಪಕ್ಕದಲ್ಲಿ ಹೋದ್ರೆ ಸ್ಟೀರಿಂಗು ನನ್ನ ಕೈಲಿರಲ್ಲ ಕಣೇ, ಲಾರಿಯವನ ಕೈಗೆ ಹೋಗಿಬಿಡುತ್ತೆ. ಕಿವೀಲಿ ಜೇನುಗೂಡು ಇಟ್ಟ ಹಾಗೆ ಸದ್ದು. ಸೀಟಂತೂ ಸೀಟಲ್ಲ, ತಟ್ಟೆ" ಎಂದು ನೆಲದ ಮೇಲೆ ಮಲಗಿಕೊಂಡೇ ಹೇಳಿದರು. ವೈದ್ಯರು ಬೆನ್ನು ಮುಟ್ಟಿ ನೋಡಿ, ಕೂರುವ ರೀತಿ ಬದಲಾಯಿಸಿ, ಇಲ್ಲವೇ ಕಾರು ಬಿಡಿ ಎಂದರು. ಕಾರು ಬಿಟ್ಟರೆ ಊರು ಬಿಡಬೇಕು, ಊರು ಬಿಟ್ಟರೆ ಹುಡುಗಿಯ ಪರೀಕ್ಷೆ ಹೋಯಿತು.

"ಹಾಗಾದ್ರೆ ಆ ಕಾರನ್ನೇ ಕೂರೋ ಹಾಗೆ ಮಾಡ್ಕೊಳ್ರೀ!" ಎಂದೆ.

ಯಾವ ಕೆಲಸ ಹೇಳಿದರೂ ಪೂರ್ತಿ ಮಾಡದ ಮನುಷ್ಯ, ಇದನ್ನು ಮಾತ್ರ ಪೂರ್ತಿಗಿಂತ ಹೆಚ್ಚು ಮಾಡಿದರು. ಮೊದಲು ಟಿವಿಯಲ್ಲಿ ಮಾರುವ ಮೆತ್ತನೆ ದಿಂಬು ಬಂತು, ನಡುವೆ ತೂತಿರುವಂಥದ್ದು. ಆಮೇಲೆ ಸದ್ದು ಹೀರುವ ಕರಿ ಹಾಳೆಗಳು ಬಂದವು. ಎರಡು ಭಾನುವಾರ ಕಾರಿನ ಬಾಗಿಲು, ನೆಲ, ಛಾವಣಿ ಎಲ್ಲ ಬಿಚ್ಚಿ, ಒಳಗೆಲ್ಲ ಆ ಹಾಳೆ ಮೆತ್ತಿ, ಮತ್ತೆ ಮುಚ್ಚಿದರು. ನಾಲ್ಕು ಸ್ಕ್ರೂ ಉಳಿದವು. "ಇವು ಹೆಚ್ಚುವರಿ" ಎಂದು ಗಂಭೀರವಾಗಿ ಜೇಬಿಗಿಟ್ಟುಕೊಂಡರು. ಆಮೇಲೆ ಗುಜರಿಯಿಂದ ಯಾವನೋ ಕಂಪನಿ ಅಧ್ಯಕ್ಷನ ದೊಡ್ಡ ಕಾರಿನ ಸೀಟು ತಂದು ಡ್ರೈವರ್ ಜಾಗಕ್ಕೆ ಕೂರಿಸಿದರು. ಅದರ ಮೇಲೆ ಕೂತರೆ ತಲೆ ಛಾವಣಿಗೆ ತಗಲುತ್ತಿತ್ತು. ತಲೆ ತಗಲುವ ಕಡೆ ಇನ್ನೊಂದು ದಿಂಬು ಹೊಲಿಸಿದರು.

ಇದನ್ನೆಲ್ಲ ಕೇಳಿದ ನಮ್ಮತ್ತೆ ಊರಿಂದ ಒಂದು ಜೇಡ್ ಕಲ್ಲಿನ ಬಿಸಿ ಹಾಸು ಕಳಿಸಿದರು. ಹಸಿರು ಕಲ್ಲಿನ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದ್ದು, ಎತ್ತುವುದಕ್ಕೆ ಇಬ್ಬರು ಬೇಕು. ಜೊತೆಗೆ ದೇವಸ್ಥಾನದಿಂದ ತಂದ ಒಂದು ಕೆಂಪು ಸ್ಟಿಕ್ಕರು, ಬುದ್ಧನ ಗುರುತಿನದು, ಕಾರಿನ ಹಿಂದೆ ಅಂಟಿಸಬೇಕೆಂದು ಅಪ್ಪಣೆ. ಯಜಮಾನರು ಸರಿ ಎಂದು ಅಂಟಿಸಿದರು. ಕೊನೆಗೆ ದುಬಾರಿ ಸೀಟು ಬಿಸಿಲಿಗೆ ಬಣ್ಣಗೆಡಬಾರದೆಂದು ಎಲ್ಲ ಕಿಟಕಿಗೂ ಬೆಳ್ಳಿಬಣ್ಣದ ಪರದೆ. ಮುಂದಿನ ಗಾಜಿಗೆ ಅಡ್ಡಲಾಗಿ ದೊಡ್ಡದೊಂದು.

ಇಷ್ಟಾದ ಮೇಲೆ ಅದರೊಳಗೆ ಬೂಟು ಹಾಕಿಕೊಂಡು ಹತ್ತುವುದು ಅವಮಾನ ಅನ್ನಿಸಿತಂತೆ. ಬಾಗಿಲಲ್ಲಿ ಬೂಟು ಬಿಚ್ಚಿ, ಒಳಗಿಟ್ಟ ಕರಡಿ ಮುಖದ ಚಪ್ಪಲಿ ಮೆಟ್ಟಿ ಕೂರುವ ಪದ್ಧತಿ ಶುರು ಮಾಡಿದರು. ಮಾರನೇ ದಿನವೇ, ನಾನು ಅನ್ನ ಬಡಿಸಿಕೊಂಡು ಕೂತಿದ್ದೇನೆ, ಅಡುಗೆಮನೆಯ ಮೇಲಿನ ಸ್ಪೀಕರ್ ಕಟಕಟ ಅಂದಿತು. ನಮ್ಮಲ್ಲಿ ಪ್ರತಿ ಮನೆಗೂ ಅದೊಂದಿದೆ, ಆರಿಸುವ ಸ್ವಿಚ್ಚಿಲ್ಲ. ಗಾರ್ಡ್ ತಾಕ್ ಅವರ ಧ್ವನಿ. ಅವರು ನೀರು ನಿಲ್ಲುವ ಸುದ್ದಿಯನ್ನೂ ಯುದ್ಧ ಘೋಷಣೆಯ ಹಾಗೆ ಓದುತ್ತಾರೆ.

"ನಿವಾಸಿಗಳ ಗಮನಕ್ಕೆ. ಮೂರನೇ ಬ್ಲಾಕಿನ ಮುಂದೆ, ಪಾರ್ಕಿಂಗಿನ ನಟ್ಟ ನಡುವೆ, ಒಂದು ಜೊತೆ ಕರಿ ಬೂಟು ಅನಾಥವಾಗಿ ನಿಂತಿದೆ. ಎಡಗಾಲಿನ ಹಿಮ್ಮಡಿ ಸವೆದಿದೆ. ವಾಸನೆ ಇದೆ. ಸಂಬಂಧಪಟ್ಟವರು ಕೂಡಲೇ ಬಂದು ಗುರುತು ಹಿಡಿಯತಕ್ಕದ್ದು."

ನಾನು ಹೋಗಿ ಗುರುತು ಹಿಡಿದೆ. ಅದೇ ಹೊತ್ತಿಗೆ ದಾಂಗ್ಜಿನ್‌ನಲ್ಲಿ ನಮ್ಮ ಯಜಮಾನರು ಕರಡಿ ಮುಖದ ಚಪ್ಪಲಿಯಲ್ಲಿ ನಿಂತು ಹೊರದೇಶದ ಗಿರಾಕಿಗಳಿಗೆ ಕಾರ್ಖಾನೆ ತೋರಿಸುತ್ತಿದ್ದರು.

ಆದರೂ ಒಂದು ಮಾತು ಒಪ್ಪಬೇಕು. ಬೆನ್ನು ನೆಟ್ಟಗಾಯಿತು. ಬೇಸಿಗೆ ಕಳೆದು ಚಳಿ ಶುರುವಾದ ಮೇಲೂ ರಾತ್ರಿ ಊಟಕ್ಕೆ ಕೂತಾಗ ಮುಖದಲ್ಲಿ ಕಳೆ. "ಒಳಗೆ ಕೂತು ಬಾಗಿಲು ಹಾಕಿದ್ರೆ ಪ್ರಪಂಚವೇ ಇಲ್ಲ ಕಣೇ. ಪಕ್ಕದಲ್ಲಿ ಲಾರಿ ಹೋದ್ರೂ ಮೀನು ಈಜಿದ ಹಾಗೆ ಹೋಗುತ್ತೆ. ಇನ್ನೊಂದು ವಿಚಿತ್ರ ಗೊತ್ತಾ? ಜೇಡ್ ಕಲ್ಲಿನ ಮಹಿಮೆ ನೋಡು, ರಾತ್ರಿ ಸ್ವಿಚ್ ಆರಿಸಿ ಬಂದಿರ್ತೀನಿ, ಬೆಳಿಗ್ಗೆ ಹೋಗಿ ಕೂತ್ರೆ ಸೀಟು ಇನ್ನೂ ಬೆಚ್ಚಗಿರುತ್ತೆ!"

ಈ ಮಹಿಮೆಯನ್ನು ಅವರು ಕಾರ್ಖಾನೆಯಲ್ಲೆಲ್ಲ ಸಾರಿದರು. ಅವರ ಮಾತು ನಂಬಿ ಮೂವರು ಜೇಡ್ ಹಾಸು ಕೊಂಡರು. ಅವರ ಹಾಸು ಬೆಳಿಗ್ಗೆ ಐಸಿನ ಹಾಗಿರುತ್ತಂತೆ. "ನೀವು ತಂದಿದ್ದು ಕಳಪೆ ಮಾಲು" ಎಂದು ಯಜಮಾನರು ಗುಣಮಟ್ಟ ಪರೀಕ್ಷಕರ ಧಾಟಿಯಲ್ಲಿ ತೀರ್ಪು ಕೊಟ್ಟರು.

ಮನೆಯಲ್ಲಿ ನೆಮ್ಮದಿ ಅಂದುಕೊಳ್ಳುವಷ್ಟರಲ್ಲಿ ಒಂದು ಮಧ್ಯಾಹ್ನ ಬಾಂಗ್ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಬೇಯಿಸಿದ ಗೆಣಸಿನ ಬಟ್ಟಲು. ನಮ್ಮಲ್ಲಿ ಗೆಣಸು ತಂದು ಕೊಟ್ಟರೆಂದರೆ ಹಿಂದೆಯೇ ದೂರೊಂದು ಬರುತ್ತದೆ ಎಂದು ಅರ್ಥ.

"ದಾಸೊಲ್ ಅಮ್ಮ, ಬೇಜಾರು ಮಾಡ್ಕೋಬೇಡಮ್ಮ. ನಿಮ್ಮನೆಯವರು ಕಾರು ಗೇರಲ್ಲಿ ಹಾಕಿ ಹೋಗ್ತಿದಾರೆ."

"ಅಯ್ಯೋ! ಇರಲಾರದು ಅಜ್ಜಿ."

"ಮೂರು ದಿನದಿಂದ ನನ್ನ ಕಾರಿನ ಮುಂದೇ ನಿಂತಿದೆ, ತಳ್ತಾ ಇದೀನಿ. ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಫೋನ್ ಮಾಡೋಣ ಅಂದ್ರೆ ನಂಬರ್ ಮುಂದೆ ಬೆಳ್ಳಿ ಪರದೆ. ಬೇರೆಯವರ ವ್ಯಾನಲ್ಲಿ ತೂರ್ಕೊಂಡು ಹೋಗ್ತಿದೀನಿ, ನಿನ್ನೆ ಪ್ರಾರ್ಥನೆ ಅರ್ಧ ಮುಗಿದಿತ್ತು. ದೇವರ ಮುಂದೆ ಏನು ಹೇಳ್ಲಿ? ನಿಮ್ಮ ಕಾರಿನ ಹೆಸರು ಹೇಳ್ಲಾ?"

ಆ ರಾತ್ರಿ ಯಜಮಾನರನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿ ವಿಚಾರಣೆ ನಡೆಸಿದೆ. ನಮ್ಮ ಮನೆಯಲ್ಲಿ ಆಗ ಒಂದು ನಿಯಮವಿತ್ತು. ಕಾರಿನ ರಗಳೆ ಯಾವುದೂ ದಾಸೊಲ್ ಕಿವಿಗೆ ಬೀಳಬಾರದು, ಹುಡುಗಿಯ ಮನಸ್ಸು ಕದಡಬಾರದು. ಆದ್ದರಿಂದ ನಾವು ಪಿಸುಮಾತಿನಲ್ಲೇ ಜಗಳವಾಡುತ್ತಿದ್ದೆವು.

"ನ್ಯೂಟ್ರಲ್ಲಿನಲ್ಲೇ ಬಿಟ್ಟಿದ್ದೆ" ಎಂದು ಪಿಸುಗುಟ್ಟಿದರು.

"ಹಾಗಾದ್ರೆ ಅಜ್ಜಿ ಸುಳ್ಳು ಹೇಳ್ತಾರಾ?"

"ಅಜ್ಜಿಯೂ ಸುಳ್ಳು ಹೇಳಲ್ಲ."

"ಇಬ್ರೂ ನಿಜ ಹೇಳಿದ್ರೆ ಕಾರು ಸುಳ್ಳು ಹೇಳುತ್ತೇನ್ರೀ?" ನನ್ನ ಪಿಸುಮಾತಿಗೆ ಒಲೆಯ ಮೇಲಿನ ಮುಚ್ಚಳ ಅದುರಿತು.

ಅವರು ಇಲ್ಲದ ಮೀಸೆ ಸವರಿಕೊಂಡರು. ಬೆಳಿಗ್ಗೆ ಐದೂವರೆಗೆ ತಾವು ಕಾರು ಹತ್ತುವಾಗಲೂ ಗೇರು ನ್ಯೂಟ್ರಲ್ಲಿನಲ್ಲೇ, ಹ್ಯಾಂಡ್‌ಬ್ರೇಕ್ ಕೆಳಗೇ ಇರುತ್ತದೆ ಎಂದು ಅವರಮ್ಮನ ಮೇಲೆ ಆಣೆ ಮಾಡಿದರು. ನನ್ನ ಮೇಲೆ ಆಣೆ ಮಾಡಿದ್ದರೆ ನಂಬುತ್ತಿರಲಿಲ್ಲ, ಅವರಮ್ಮನ ಮೇಲೆ ಅಂದಾಗ ನಂಬಲೇಬೇಕಾಯಿತು.

ನಾನು ನಂಬಿದರೇನು, ಬ್ಲಾಕ್ ನಂಬಬೇಕಲ್ಲ. ನಮ್ಮ ಬ್ಲಾಕಿನ ಪ್ರತಿನಿಧಿ ನಾಮ್‌ಗುಂಗ್ ಸಾಹೇಬರು ನಿವೃತ್ತ ವ್ಯಾಯಾಮ ಶಿಕ್ಷಕರು. ನಿವೃತ್ತಿಯಾದಾಗ ಶಾಲೆ ಬಿಟ್ಟರು, ಸೀಟಿ ಬಿಡಲಿಲ್ಲ. ಇಡೀ ಅಪಾರ್ಟ್‌ಮೆಂಟಿನ ಅಧ್ಯಕ್ಷರಾಗಬೇಕೆಂಬ ಆಸೆ ಬೇರೆ. ಅಂಥವರಿಗೆ ನಮ್ಮ ಕಾರು ಹಬ್ಬದೂಟದ ಹಾಗೆ ಸಿಕ್ಕಿತು. ಭಾನುವಾರ ಮಧ್ಯಾಹ್ನ ಸಾರ್ವಜನಿಕ ಪರೀಕ್ಷೆ ನಡೆಸುವುದೆಂದು ತಾಕ್ ಅವರಿಂದ ಮೂರು ಸಲ ಸ್ಪೀಕರಿನಲ್ಲಿ ಓದಿಸಿದರು.

ಬ್ಲಾಕಿಗೆ ಬ್ಲಾಕೇ ಕೆಳಗಿಳಿಯಿತು. ಹುರಿದ ಕಡಲೆ ತಿನ್ನುತ್ತ ಕೆಲವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಲವರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಒಂದೊಂದೇ ಪರದೆ ತೆಗೆದು, ಗೇರು ತೋರಿಸಿ, ಹ್ಯಾಂಡ್‌ಬ್ರೇಕ್ ತೋರಿಸಿ ಪಕ್ಕಕ್ಕೆ ನಿಂತರು. ನಾಮ್‌ಗುಂಗ್ ಸಾಹೇಬರು ಬಗ್ಗಿ ಒಳಗೆ ನೋಡಿದರು.

"ಪ್ಯೋ ಅವರೇ, ಇದು ಕಾರೋ ಕಲ್ಲುಗಣಿಯೋ?"

"ಜೇಡ್, ಸರ್. ಬೆನ್ನಿಗೆ ಒಳ್ಳೇದು."

"ಯಾರ ಬೆನ್ನಿಗೆ? ತಳ್ಳೋರ ಬೆನ್ನಿಗೋ?"

ಜನ ನಕ್ಕರು. ಸಾಹೇಬರು ಸೀಟಿ ಊದಿದರು. ಬಾಂಗ್ ಅಜ್ಜಿ ಸೊಂಟ ಕೊಟ್ಟು ಒಮ್ಮೆ ಉಶ್ ಎಂದರು. ಕಾರು ಮೊದಲಿನಷ್ಟು ಚುರುಕಾಗಿ ಅಲ್ಲದಿದ್ದರೂ, ಹೊಟ್ಟೆ ತುಂಬ ಉಂಡವರು ಎದ್ದು ಹೋಗುವ ಹಾಗೆ ನಿಧಾನವಾಗಿ ಸರಿಯಿತು. "ನೋಡಿದ್ರಾ!" ಎಂದು ನಾನು ಚಪ್ಪಾಳೆ ತಟ್ಟಿದೆ. ಒಬ್ಬರೂ ತಟ್ಟಲಿಲ್ಲ.

"ನೋಡಿದ್ವಿ" ಎಂದರು ನಾಮ್‌ಗುಂಗ್ ಸಾಹೇಬರು, "ಅಂದ್ರೆ ಭಾರದಿಂದ ಅಲ್ಲ. ಜನ ನೋಡುವಾಗ ನ್ಯೂಟ್ರಲ್ಲು, ಕತ್ತಲಲ್ಲಿ ಗೇರು. ಬೇಕೂ ಅಂತ ಮಾಡ್ತಿರೋದು!"

ನನಗೆ ಆ ಮನುಷ್ಯನ ಸೀಟಿಯನ್ನು ಅವರಿಗೇ ನುಂಗಿಸಬೇಕೆನ್ನಿಸಿತು. ಅಷ್ಟರಲ್ಲಿ ಕಾರಿನ ಹಿಂಭಾಗದಿಂದ ಯಾರೋ, "ಓಹೋ, ಇಲ್ಲಿದೆ ನೋಡಿ ಕಾರಣ" ಎಂದರು. ನಮ್ಮತ್ತೆಯ ಕೆಂಪು ಸ್ಟಿಕ್ಕರು! ಬುದ್ಧನ ಕಡೆಯವರು ಏಸುವಿನ ಕಡೆಯವರ ದಾರಿಗೆ ಅಡ್ಡ ಹಾಕುತ್ತಿದ್ದಾರೆ ಎನ್ನುವ ಮಾತು ನಾನು ಮೂರನೇ ಮಹಡಿ ಹತ್ತುವಷ್ಟರಲ್ಲಿ ಹದಿನೈದನೇ ಮಹಡಿ ಮುಟ್ಟಿತ್ತು. ಸಂಜೆಗೆ ಊರಿಂದ ಅತ್ತೆಯ ಫೋನು. ಯಾರು ಮುಟ್ಟಿಸಿದರೋ ದೇವರಿಗೇ ಗೊತ್ತು.

"ಸ್ಟಿಕ್ಕರ್ ಕಿತ್ತರೆ ನನ್ನ ಹೆಣ ನೋಡ್ತೀಯ ಅಂತ ಅವನಿಗೆ ಹೇಳು."

"ನಿಮ್ಮ ಮಗನಿಗೇ ಹೇಳಿ ಅತ್ತೆ. ಇಲ್ಲೇ ಕೂತಿದ್ದಾರೆ."

ಯಜಮಾನರು ಫೋನು ತೆಗೆದುಕೊಂಡು, "ಸರಿ ಅಮ್ಮ" ಎಂದರು. ಐದು ನಿಮಿಷ ಕಳೆದು ಚರ್ಚಿನವರಿಬ್ಬರು ಬಾಗಿಲಿಗೆ ಬಂದು, ಪರಸ್ಪರ ಪ್ರೀತಿಯಿಂದ ಬಾಳಬೇಕಲ್ಲವೇ, ಆ ಸ್ಟಿಕ್ಕರು ಅಷ್ಟು ದೊಡ್ಡದಿರಬೇಕೇ ಎಂದರು. ಅವರಿಗೂ "ಸರಿ" ಎಂದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು, ಆದರೆ ಪಕ್ಕದ ಕೋಣೆಯಲ್ಲಿ ಹುಡುಗಿ ಓದುತ್ತಿದ್ದಳು. ಬಾಂಗ್ ಅಜ್ಜಿಯೊಬ್ಬರೇ ನ್ಯಾಯವಾಗಿ ಮಾತಾಡಿದ್ದು. "ನನಗೆ ಧರ್ಮದ ಜಗಳ ಬೇಡಮ್ಮ, ದಾರಿ ಬೇಕು" ಎಂದು ಲಿಫ್ಟಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮಾರನೇ ದಿನ ಲಿಫ್ಟಿನ ಗೋಡೆಯ ಮೇಲೆ ದೊಡ್ಡಕ್ಷರದ ಚೀಟಿ. ಇನ್ನೊಮ್ಮೆ ಈ ಕಾರು ದಾರಿಗೆ ಅಡ್ಡವಾಗಿ ಅಲುಗದೆ ನಿಂತರೆ ಅದರ ಪಾರ್ಕಿಂಗ್ ಪರವಾನಗಿ ರದ್ದು. ಹೆಸರು ಹಾಕಿರಲಿಲ್ಲ. ಕುಂಬಳಕಾಯಿ ಗಂಜಿಯ ಬಣ್ಣ ಎಂದು ಬರೆದಿದ್ದರು.

ಅವತ್ತು ರಾತ್ರಿ ಅಡುಗೆಮನೆಯಲ್ಲಿ ಯಜಮಾನರು ಬಟ್ಟಲಲ್ಲಿ ಚಮಚ ಆಡಿಸುತ್ತಲೇ ಕೂತರು. ಕಿಮ್ಚಿ ಸಾರು ಆರಿಹೋಯಿತು.

"ಪರವಾನಗಿ ಹೋದ್ರೆ ಸುತ್ತಮುತ್ತ ಎಲ್ಲೂ ಜಾಗ ಇಲ್ಲ ಕಣೇ. ಕಾರಿಲ್ದೆ ಅಷ್ಟು ಹೊತ್ತಿಗೆ ಕೆಲಸಕ್ಕೆ ಮುಟ್ಟೋಕಾಗಲ್ಲ" ಎಂದರು. "ಕಂಪನಿ ಮನೆ ಇನ್ನೊಂದೇ ಉಳಿದಿದೆಯಂತೆ. ತಗೊಂಡುಬಿಡ್ಲಾ?"

"ದಾಸೊಲ್ ಶಾಲೆ?"

"ಅಲ್ಲೂ ಶಾಲೆ ಇದೆ."

"ಅಲ್ಲೂ ಶಾಲೆ ಇದೆಯಂತೆ! ಪರೀಕ್ಷೆಗೆ ಇನ್ನೇನು ಉಳಿದಿದೆ ಅಂತ ಅಲ್ಲಿಗೆ ಹೋಗಿ ಅವಳು ಪಕ್ಕದ ಬೆಂಚಿನವರ ಹೆಸರು ಕಲೀಬೇಕು?" ನನಗೆ ಅಳು ಬಂತು. ಅಳುವೂ ಪಿಸುಗುಟ್ಟಬೇಕಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ನಾನು ಆ ಹುಡುಗಿಗಾಗಿ ಏನೇನು ಮಾಡಿಲ್ಲ? ಬೇಸಿಗೆಯಿಂದ ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಗಾಜಿನ ಬಾಗಿಲು ಮುಚ್ಚಿ, ವರಾಂಡದಲ್ಲಿ ನೂರೆಂಟು ಸಾಷ್ಟಾಂಗ ಹಾಕುತ್ತಿದ್ದೇನೆ. ಮೊಣಕಾಲಿನ ಚಿಪ್ಪು ಟಕ್ ಟಕ್ ಅನ್ನುತ್ತದೆ. ಅಷ್ಟು ಮಾಡಿಯೂ ಕೊನೆಗೆ ಒಂದು ಹ್ಯಾಂಡ್‌ಬ್ರೇಕಿನ ಮುಂದೆ ಸೋಲುವುದೇ?

ತೀರ್ಮಾನ ಮಾಡಿದೆ. ಮರುದಿನ ಬೆಳಗಿನ ಜಾವ ಸಾಷ್ಟಾಂಗ ಬಿಟ್ಟು ನಾನೇ ಕೆಳಗಿಳಿಯುತ್ತೇನೆ. ನಾಮ್‌ಗುಂಗ್ ಸಾಹೇಬರೂ ಬರಲಿ, ತಾಕ್ ಅವರೂ ಬರಲಿ, ಯಜಮಾನರೂ ಇರಲಿ. ಎಲ್ಲರೆದುರು ಅಜ್ಜಿ ತಳ್ಳಲಿ. ಕಾರು ಸರಿದರೆ ಆ ಚೀಟಿಯನ್ನು ನಾಮ್‌ಗುಂಗ್ ಸಾಹೇಬರ ಕೈಯಿಂದಲೇ ಹರಿದು ಹಾಕಿಸುತ್ತೇನೆ. ಸರಿಯದಿದ್ದರೆ ದಾಂಗ್ಜಿನ್‌ಗೆ ಗಂಟುಮೂಟೆ ಕಟ್ಟುತ್ತೇನೆ.

ಯಜಮಾನರನ್ನು ಎಬ್ಬಿಸಿ ಬಟ್ಟೆ ಹಾಕಿಸಿದೆ. ದಾಸೊಲ್ ಕೋಣೆಯ ಬಾಗಿಲು ಮುಚ್ಚಿತ್ತು. ಪಾಪ, ನಿದ್ದೆ ಕೆಡಬಾರದೆಂದು ಇಬ್ಬರೂ ತುದಿಗಾಲಲ್ಲಿ ದಾಟಿದೆವು.

ಕೆಳಗೆ ಚಳಿ ಮೂಳೆಗೆ ತಾಗುತ್ತಿತ್ತು. ನಾಮ್‌ಗುಂಗ್ ಸಾಹೇಬರು ಟ್ರ್ಯಾಕ್ ಸೂಟಿನಲ್ಲಿ ಸಿದ್ಧವಾಗಿ ನಿಂತು ಕೈಕಾಲು ಬಿಸಿ ಮಾಡಿಕೊಳ್ಳುತ್ತಿದ್ದರು. ತಾಕ್ ಅವರ ಕೈಯಲ್ಲಿ ಟಾರ್ಚು. ಬಾಂಗ್ ಅಜ್ಜಿ ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು ಕೈಚೀಲವನ್ನು ತಾಕ್ ಅವರಿಗೆ ಕೊಟ್ಟರು. ನಮ್ಮ ಕಾರು ಬೆಳ್ಳಿ ಪರದೆ ಮುಚ್ಚಿಕೊಂಡು ಅಡ್ಡಲಾಗಿ ನಿಂತಿತ್ತು.

"ಪ್ಯೋ ಅವರೇ, ರಾತ್ರಿ ಯಾವುದರಲ್ಲಿ ಬಿಟ್ಟಿದ್ರಿ?"

"ನ್ಯೂಟ್ರಲ್ಲಿನಲ್ಲೇ ಬಿಟ್ಟಿದ್ದೆ."

"ನಿಮ್ಮ ಹೆಂಡತಿ ಎದುರಿಗೆ ಇನ್ನೊಮ್ಮೆ ಹೇಳಿ."

"ನ್ಯೂಟ್ರಲ್ಲಿನಲ್ಲೇ..."

"ತಳ್ಳಿ!"

ಅಜ್ಜಿ ತಳ್ಳಿದರು. ಕಾರು ಅಲುಗಲಿಲ್ಲ. ತಾಕ್ ಅವರು ಕೈ ಕೊಟ್ಟರು. ಅಲುಗಲಿಲ್ಲ. ನಾನೂ ಸೊಂಟ ಬಿಗಿದು ಹೆಗಲು ಕೊಟ್ಟೆ. ಕಾರು ಮುಂದಕ್ಕೆ ಒಂದಿಷ್ಟು ತೂಗಿದ ಹಾಗೆ ಮಾಡಿ ಮತ್ತೆ ಹಿಂದಕ್ಕೇ ಕೂತಿತು. ಯಜಮಾನರ ಮುಖ ಸುಣ್ಣವಾಯಿತು.

"ಹ್ಯಾಂಡ್‌ಬ್ರೇಕ್!" ಎಂದು ನಾಮ್‌ಗುಂಗ್ ಸಾಹೇಬರು ಕೂಗಿದರು. "ನಾನು ಹೇಳಿರ್ಲಿಲ್ವಾ? ಹ್ಯಾಂಡ್‌ಬ್ರೇಕ್ ಎಳೆದಿದೆ! ಇನ್ನೇನು ಸಾಕ್ಷಿ ಬೇಕು?" ಎಂದು ಸೀಟಿ ಬಾಯಿಗಿಟ್ಟು, ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುವಷ್ಟು ಜೋರಾಗಿ ಊದಿದರು. ಮೇಲಿನ ಮಹಡಿಗಳಲ್ಲಿ ಎರಡು ಮೂರು ದೀಪ ಹತ್ತಿಕೊಂಡವು.

"ನಾನು ಎಳೆದಿಲ್ಲ!" ಎಂದು ಯಜಮಾನರು ಕೂಗಿದರು.

"ಮತ್ತೆ ದೆವ್ವ ಎಳೀತೇನ್ರೀ!" ಎಂದು ನಾನು ಕೂಗಿದೆ. ಪಿಸುಗುಟ್ಟಿ ಪಿಸುಗುಟ್ಟಿ ಒಳಗೆ ತುಂಬಿಟ್ಟಿದ್ದೆಲ್ಲ ಒಂದೇ ಸಲ ಹೊರಬಿತ್ತು. "ನಿಮ್ಮ ಬೆನ್ನಿಗೆ ದಿಂಬು, ತಲೆಗೆ ದಿಂಬು, ಕಾಲಿಗೆ ಕರಡಿ! ಸುಖ ಸುಖ ಅಂತ ಸಾಯ್ತಿದ್ರಲ್ಲ, ಈಗ ಆ ಹುಡುಗಿಯ ಪರೀಕ್ಷೆ..."

ಕಾರಿನ ಬಾಗಿಲು ತೆರೆಯಿತು.

ಬಾಂಗ್ ಅಜ್ಜಿ "ಓ ಪ್ರಭುವೇ" ಎಂದು ಹಿಂದೆ ಸರಿದರು. ಒಳಗಿಂದ ಮೊದಲು ಕರಡಿ ಮುಖದ ಚಪ್ಪಲಿ ಇಳಿಯಿತು, ಆಮೇಲೆ ಕಂಬಳಿ ಹೊದ್ದ ನಮ್ಮ ದಾಸೊಲ್. ಕೈಯಲ್ಲಿ ಗಣಿತದ ಪುಸ್ತಕ, ಹಣೆಗೆ ಕಟ್ಟಿಕೊಂಡ ಪುಟ್ಟ ದೀಪ. ಕಣ್ಣು ಕಿರಿದು ಮಾಡಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಅಮ್ಮಾ, ಇಲ್ಲಿಗೂ ಬಂದ್ರಾ?"

ತಾಕ್ ಅವರು ಟಾರ್ಚು ಕೆಳಗಿಳಿಸಿ, "ಯಾವಾಗಿಂದ ಮಗೂ?" ಎಂದು ಕೇಳಿದರು.

"ಸ್ವಲ್ಪ ದಿನದಿಂದ, ತಾಕ್ ಅಂಕಲ್. ಸ್ಪೇರ್ ಕೀ ಇದೆಯಲ್ಲ. ಒಳಗೆ ಕೂತಾಗ ಕಾರು ಉರುಳಿಬಿಟ್ರೆ ಅಂತ ಭಯ, ಅದಕ್ಕೆ ಹ್ಯಾಂಡ್‌ಬ್ರೇಕ್ ಹಾಕ್ಕೊಳ್ತೀನಿ. ಅಪ್ಪ ಬರೋಕೆ ಮುಂಚೆ ಇಳಿಸಿ ಹೋಗ್ತೀನಿ."

"ಮನೇಲಿ ನಿನಗೆ ಕೋಣೆ ಇಲ್ವೇನೇ? ಮೇಜಿಲ್ವೇನೇ?" ಎಂದೆ.

"ಮನೇಲಿ ಅಪ್ಪ ಗೊರಕೆ ಹೊಡೀತಾರೆ. ನೀವು ನಾಲ್ಕು ಗಂಟೆಗೆ ವರಾಂಡದಲ್ಲಿ ದಬ್ ದಬ್ ಅಂತ ಬೀಳೋಕೆ ಶುರು ಮಾಡ್ತೀರಿ, ಪ್ರತಿ ಸಲ ಏಳುವಾಗ 'ಅಯ್ಯಮ್ಮಾ' ಅಂತೀರಿ. ನೂರೆಂಟು ಸಲ. ರಾತ್ರಿ ಅಡುಗೆಮನೇಲಿ ಇಬ್ರೂ ಹಾವಿನ ಹಾಗೆ ಬುಸ್ ಬುಸ್ ಅಂತಿರ್ತೀರಿ. ಜಗಳ ಆಡೋದಾದ್ರೆ ಜೋರಾಗಾದ್ರೂ ಆಡಿ, ಅರ್ಥ ಆಗುತ್ತೆ. ಸಾಲದ್ದಕ್ಕೆ ಸ್ಪೀಕರು." ತಾಕ್ ಅವರು ತಲೆ ತಗ್ಗಿಸಿದರು. "ಒಂದೇ ಒಂದು ಗಂಟೆ ನಿಶ್ಶಬ್ದ ಸಿಗೋ ಜಾಗ ಈ ಬ್ಲಾಕಲ್ಲಿ ಇದೊಂದೇ. ಯಾರೋ ತಳ್ತಿದ್ರೂ ಗೊತ್ತಾಗಲ್ಲ, ಗಾಳಿ ಅನ್ಕೊಂಡಿದ್ದೆ. ಇವತ್ತು ಆ ಸೀಟಿ ಒಂದು ಒಳಗೆ ಬಂತು."

ನಾಮ್‌ಗುಂಗ್ ಸಾಹೇಬರು ಸೀಟಿಯನ್ನು ಮೆಲ್ಲನೆ ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ನಮ್ಮ ಯಜಮಾನರು ಮಾತ್ರ ಬೇರೆಯೇ ಲೋಕದಲ್ಲಿದ್ದರು. ಒಂದು ಹೆಜ್ಜೆ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, "ಸೀಟು ಹೇಗಿದೆ ಮಗಳೇ?" ಎಂದು ಕೇಳಿದರು.

"ತುಂಬಾ ಚೆನ್ನಾಗಿದೆ ಅಪ್ಪ. ಬೆನ್ನು ನೋಯಲ್ಲ."

ಆ ಮನುಷ್ಯನ ಮುಖ ನೋಡಬೇಕಿತ್ತು. ಮದುವೆಯ ದಿನ ಕೂಡ ಅಷ್ಟು ಹಿಗ್ಗಿರಲಿಲ್ಲ.

ಬಾಂಗ್ ಅಜ್ಜಿ ಹತ್ತಿರ ಬಂದು ದಾಸೊಲ್ ಕೆನ್ನೆ ಸವರಿದರು. "ಏ ಹುಡುಗಿ, ನಾನು ದಿನಾ ಈ ಚಳಿಯಲ್ಲಿ ಯಾಕೆ ಓಡ್ತಿದೀನಿ ಗೊತ್ತಾ? ಪರೀಕ್ಷೆಗೆ ಕೂರೋ ಮಕ್ಕಳಿಗೆ ನಮ್ಮ ಚರ್ಚಲ್ಲಿ ನೂರು ದಿನದ ಪ್ರಾರ್ಥನೆ. ನಮ್ಮ ಬ್ಲಾಕಿಂದ ನಿನ್ನ ಹೆಸರು ಕೊಟ್ಟವಳು ನಾನೇ. ನಿನಗೋಸ್ಕರ ಹೊರಟವಳನ್ನ ನೀನೇ ಬ್ರೇಕ್ ಹಾಕಿ ನಿಲ್ಲಿಸಿಬಿಟ್ಟೆಯಲ್ಲೇ!" ಎಂದು ನಗುತ್ತ ಕಣ್ಣೊರೆಸಿಕೊಂಡರು.

ದಾಸೊಲ್ ನಾಚಿಕೊಂಡು ಹ್ಯಾಂಡ್‌ಬ್ರೇಕ್ ಇಳಿಸಲು ಒಳಗೆ ಬಗ್ಗಿದಳು. "ಹತ್ತು, ಒಳಗೇ ಕೂತ್ಕೋ. ಪುಟ ಎಲ್ಲಿಗೆ ಬಂದಿತ್ತೋ ಅಲ್ಲಿಂದ ಓದು" ಎಂದರು ಅಜ್ಜಿ. ಬಾಗಿಲು ಮುಚ್ಚಿತು. ನಾವು ಐದು ಜನ, ಮಲಗಿದ ಕೂಸಿನ ತೊಟ್ಟಿಲು ಸರಿಸುವ ಹಾಗೆ, ಹುಡುಗಿಯನ್ನೂ ಗಣಿತವನ್ನೂ ಜೇಡ್ ಕಲ್ಲನ್ನೂ ಸೇರಿಸಿ ಆ ಕಾರನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದೆವು. ಅಜ್ಜಿಯ ಕಾರು ಹೊರಟುಹೋಯಿತು.

ಆದರೆ ನನ್ನ ಹೊಟ್ಟೆಯುರಿ ಆರಬೇಕಲ್ಲ. ಹೆತ್ತ ತಾಯಿಯ ಸಾಷ್ಟಾಂಗಕ್ಕೆ ದಬ್ ದಬ್ ಅನ್ನುವುದೇ? "ಅಲ್ಲಾರೀ, ನಾನು ಅವಳಿಗೋಸ್ಕರ ಮೊಣಕಾಲು ಸವೆಸಿದ್ರೆ, ಇವಳು..." ಎಂದು ಶುರು ಮಾಡಿದೆ.

"ಶ್! ಸುಮ್ನಿರು. ಮಗು ಓದ್ತಿದೆ."

ಹೇಳಿದ್ದು ನಾಮ್‌ಗುಂಗ್ ಸಾಹೇಬರಲ್ಲ, ತಾಕ್ ಅವರಲ್ಲ. ನಮ್ಮ ಯಜಮಾನರು. ತುಟಿಯ ಮೇಲೆ ಬೆರಳಿಟ್ಟುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಕೊಡಬೇಕಾದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಏಕೋ ನುಂಗಿಕೊಂಡೆ.

ಐದೂವರೆಯಾಯಿತು. ಅವರು ಹೊರಡುವ ಹೊತ್ತು. ಕಾರಿನ ಪರದೆಯ ಸಂದಿಯಲ್ಲಿ ಇನ್ನೂ ದೀಪದ ಗೆರೆ ಕಾಣುತ್ತಿತ್ತು. ಯಜಮಾನರು ಹತ್ತಿರ ಹೋದರು, ಕಿಟಕಿ ತಟ್ಟಲು ಕೈಯೆತ್ತಿದರು, ಕೈ ಇಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಇವತ್ತು ಬಸ್ಸಿಗೆ ಹೋಗುತ್ತೇನೆ, ತಡವಾದರೆ ಬೈಸಿಕೊಳ್ಳುತ್ತೇನೆ ಎಂದು ಕೈಸನ್ನೆಯಲ್ಲೇ ಹೇಳಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಲ್ದಾಣದ ಕಡೆ ನಡೆದರು. ಆ ಕೋಟಿನ ಬೆನ್ನು ಗೇಟು ದಾಟುವ ತನಕ ನಾನು ಅಲ್ಲೇ ನಿಂತಿದ್ದೆ. ಹುಷಾರಾಗಿ ಹೋಗಿಬನ್ನಿ ಎಂದು ಕೂಗಿ ಹೇಳಬೇಕೆಂದು ತುಂಬ ಅನ್ನಿಸಿತು. ಇಪ್ಪತ್ತು ವರ್ಷದಲ್ಲಿ ಹಾಗೆ ಅನ್ನಿಸಿದ್ದು ಅದೇ ಮೊದಲು, ಆದರೆ ಕೂಗುವ ಹಾಗಿರಲಿಲ್ಲ.